ಕೊಡಗಿಗೆ ಬಂದವರು ಊಟಕ್ಕೆ ಕೂರುವ ಮುಂಚೆ ಇದನ್ನೊಮ್ಮೆ ಓದಿ

ಹುತ್ತರಿ ಹಬ್ಬದ ಸಮಯದಲ್ಲಿ ನಮ್ಮ ಮನೆಯವರಿಗೆಲ್ಲ ಒಂದು ಹೋಟೆಲಿನಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಹದಿನೈದು ದಿನ ಸುಮ್ನಿದ್ದೆ. ಈಗ ಕ್ರಿಸ್‌ಮಸ್ ರಜೆ ಹತ್ತಿರ ಬರುತ್ತಿದೆ. ಮಡಿಕೇರಿ ರಸ್ತೆಯಲ್ಲಿ ಹೊರ ಊರಿನ ಗಾಡಿಗಳ ಸಾಲು ಶುರುವಾಗಿದೆ. ಇನ್ನೊಂದು ಮನೆಯ ಹಿರಿಯರಿಗೆ ಹೀಗೆ ಆಗಬಾರದು.

ಹೋಟೆಲಿನ ಹೆಸರು ಬರೆಯುವುದಿಲ್ಲ. ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೋಗಿ ಕೂರುತ್ತೀರಿ. ಒಳಗೆ ಕಾಲಿಟ್ಟಾಗ ಏನೇನು ನೋಡಬೇಕು ಅನ್ನುವುದೇ ಮುಖ್ಯ.

ನಾವು ಮಡಿಕೇರಿಗೆ ಬಂದು 12 ವರ್ಷ ಆಯಿತು. ಹೊರಗೆ ಊಟ ಅಂದರೆ ನಮಗೆ ಒಂದು ಸಣ್ಣ ಮೆಸ್ಸು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಆರೇ ಟೇಬಲ್ಲು. ಬೆಳಿಗ್ಗೆ ಫೋನ್ ಮಾಡಿ ಎಷ್ಟು ಜನ ಅಂತ ಹೇಳಿದರೆ ಮಧ್ಯಾಹ್ನಕ್ಕೆ ಬಿಸಿ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು) ರೆಡಿ ಇರುತ್ತದೆ. ಬಾಯಿ ಬದಲಾಯಿಸಬೇಕು ಅನಿಸಿದರೆ ಟಿಬೆಟನ್ನರಿರುವ ಬೈಲಕುಪ್ಪೆಗೆ ಹೋಗಿ ಮೊಮೊ, ತುಕ್ಪಾ ತಿಂದು ಬರುತ್ತೇವೆ. ಯಾರೇ ನೆಂಟರು ಬಂದರೂ ಇಷ್ಟರಲ್ಲೇ ಮುಗಿಯುತ್ತಿತ್ತು.

ಈ ಸಲ ತಿಪಟೂರಿನಿಂದ ಅಕ್ಕ, ಭಾವ, ಇಬ್ಬರು ಮಕ್ಕಳು, ಅಕ್ಕನ ಅತ್ತೆ, ಜೊತೆಗೆ ಭಾವನ ಸ್ನೇಹಿತರು ಮತ್ತು ಅವರ ಹೆಂಡತಿ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಬಂದರು. ನಾವಿಬ್ಬರು ಸೇರಿ ಒಂಬತ್ತು ಜನ. ಬಂದದ್ದು ಹುತ್ತರಿ ಮಾರನೇ ದಿನ. ಹೊಸ ಭತ್ತದ ಹಬ್ಬ, ಎಲ್ಲರೂ ತಮ್ಮ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಹೋಗಿರುತ್ತಾರೆ. ಮೆಸ್ಸಿನವರೂ ಬಾಗಿಲು ಹಾಕಿ ಊರಿಗೆ ಹೋಗಿದ್ದರು. ಹೊರಗಿನಿಂದ ಬರುವವರಿಗೆ ಇದು ಗೊತ್ತಿರಲಿ. ಹುತ್ತರಿ, ಕೈಲ್ ಮುಹೂರ್ತ ಇಂಥ ಹಬ್ಬಗಳಲ್ಲಿ ಇಲ್ಲಿಯವರೇ ನಡೆಸುವ ಸಣ್ಣ ಊಟದ ಜಾಗಗಳು ಮುಚ್ಚಿರುವುದು ಜಾಸ್ತಿ.

ಬೆಳಿಗ್ಗೆ ರಾಜಾಸೀಟು, ಅಬ್ಬಿ ಫಾಲ್ಸು ನೋಡಿ ನಿಸರ್ಗಧಾಮಕ್ಕೆ ಹೊರಟೆವು. ಗಂಟೆ ಎರಡಾಗಿತ್ತು. ಮಕ್ಕಳು ಹಸಿವು ಅಂತ ಅಳುವ ಹಂತಕ್ಕೆ ಬಂದಿದ್ದವು. ಆಗ ಡ್ರೈವರ್, "ಮೇಡಂ, ನಮ್ಮ ಪಾರ್ಟಿಗಳನ್ನೆಲ್ಲ ಕರ್ಕೊಂಡು ಹೋಗೋ ಜಾಗ ಒಂದಿದೆ, ಪಕ್ಕಾ ಕೂರ್ಗ್ ಊಟ" ಅಂದರು. ಊರಿನಲ್ಲಿರುವವಳು ನಾನು. ಬೇಡ, ಬೇರೆ ಕಡೆ ಹೋಗೋಣ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ.

ದೊಡ್ಡ ಬೋರ್ಡು, ಹೊರಗೆ ಹತ್ತಾರು ಟೂರಿಸ್ಟ್ ಗಾಡಿಗಳು. ಒಳಗೆ ಗೋಡೆ ಮೇಲೆ ಕೊಡವರ ಪೀಚೆಕತ್ತಿ, ಹಳೇ ಫೋಟೋಗಳು. ಕೂತ ತಕ್ಷಣ ಹಪ್ಪಳ, ಈರುಳ್ಳಿ, ಉಪ್ಪಿನಕಾಯಿ ಇರುವ ಒಂಬತ್ತು ಸಣ್ಣ ತಟ್ಟೆ ಬಂದವು. ನೀರಿನ ಬಾಟಲಿಗಳ ಮುಚ್ಚಳ ಅವರೇ ತೆಗೆದಿಟ್ಟರು. ಮೆನು ಕೇಳಿದೆ. ಪ್ಲಾಸ್ಟಿಕ್ ಹಾಕಿದ ಒಂದು ಕಾರ್ಡು ಬಂತು. ಮಾಂಸದ ಐಟಂ ಎದುರಿಗೆಲ್ಲ ರೇಟಿನ ಬದಲು "ಮಾರ್ಕೆಟ್ ರೇಟ್" ಅಂತ ಇತ್ತು. ಎಷ್ಟು ಅಂತ ಕೇಳಿದ್ದಕ್ಕೆ ಸಪ್ಲೈಯರ್ ಹುಡುಗ, "ಜಾಸ್ತಿ ಏನಿಲ್ಲ ಮೇಡಂ, ಎಲ್ಲಾ ಕಡೆ ಇರೋ ಹಾಗೇ" ಅಂದ. ಅಲ್ಲೇ ಎದ್ದು ಬರಬೇಕಿತ್ತು. ಮೀನಿಗೆ ದಿನಕ್ಕೊಂದು ರೇಟು ಅಂದರೆ ಒಪ್ಪಬಹುದು. ಕೋಳಿ ಸಾರಿಗೆ ಯಾಕೆ?

ಭಾವನ ಸ್ನೇಹಿತರ ಕಿವಿ ಹತ್ತಿರ ಬಗ್ಗಿ, "ಸಾರ್, ಕಾಡು ಹಂದಿನೂ ಇದೆ, ಬೇಕಾ?" ಅಂತ ಬೇರೆ ಕೇಳಿದ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡು ಹಂದಿ ಬೇಟೆಯಾಡುವುದು, ಮಾಂಸ ಮಾರುವುದು ಅಪರಾಧ. ಅವನು ಹೇಳಿದ್ದು ನಿಜವಾದರೆ ತಟ್ಟೆ ಮುಂದೆ ಕೂತ ನೀವೂ ಕೇಸಿನಲ್ಲಿ ಸಿಕ್ಕಿಕೊಳ್ಳಬಹುದು. ಸುಳ್ಳಾದರೆ ಸಾಕಿದ ಹಂದಿಗೆ ಎರಡು ಪಟ್ಟು ದುಡ್ಡು ಕೊಡುತ್ತೀರಿ.

ಈಗ ಊಟದ ವಿಷಯ. ಪಂದಿ ಕರಿ, ಅಂದರೆ ಕೊಡಗಿನ ಹಂದಿ ಸಾರು, ಮಾಡುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆ ಆಂಟಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಚೂರು ಮೆಂತ್ಯ ಇವನ್ನು ಕಪ್ಪಾಗುವವರೆಗೆ ಹುರಿಯಬೇಕು. ಇನ್ನೇನು ಸೀದೇ ಹೋಯಿತು ಅನ್ನುವಾಗ ಇಳಿಸಬೇಕು ಅನ್ನುತ್ತಾರೆ ಅವರು. ಮಾಂಸ ತನ್ನದೇ ಕೊಬ್ಬಿನಲ್ಲಿ ಬೇಯುತ್ತದೆ. ತೊಗಲು ತೆಗೆಯುವುದಿಲ್ಲ. ಟೊಮೇಟೊ ಹಾಕುವುದಿಲ್ಲ, ತೆಂಗಿನಕಾಯಿ ಹಾಕುವುದಿಲ್ಲ. ಕೊನೆಯಲ್ಲಿ ಒಂದೆರಡು ಚಮಚ ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಅನ್ನುವ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಕಪ್ಪು ಹುಳಿ ಅದು. ಬಾಟಲಿ ಓರೆ ಮಾಡಿದರೆ ನೀರಿನ ಹಾಗೆ ಸುರಿಯುವುದಿಲ್ಲ, ನಿಧಾನಕ್ಕೆ ಎಳೆಯಾಗಿ ಇಳಿಯುತ್ತದೆ. ಆ ಹುಳಿ ಬಿದ್ದ ಮೇಲೆ ಸಾರು ಕಪ್ಪಾಗಿ ಮಾಂಸಕ್ಕೆ ಅಂಟಿಕೊಳ್ಳುತ್ತದೆ.

ಅಲ್ಲಿ ಬಂದದ್ದು ಕೆಂಪು ಗ್ರೇವಿ. ಟೊಮೇಟೊ ಸಿಪ್ಪೆ ಸುರುಳಿಯಾಗಿ ತೇಲುತ್ತಿತ್ತು. ಮೂಗಿಗೆ ಹತ್ತಿರ ತಂದರೆ ವಿನೆಗರ್ ವಾಸನೆ. ಕಡಂಬುಟ್ಟು ಬೆರಳಲ್ಲಿ ಮುರಿದರೆ ಒಳಗೆ ತಣ್ಣಗಿತ್ತು, ಮೇಲೆ ಮಾತ್ರ ಬಿಸಿ. ಬೆಳಗಿನದನ್ನು ಮತ್ತೆ ಹಬೆಗೆ ಇಟ್ಟಿದ್ದಾರೆ ಅಂತ ಗೊತ್ತಾಯಿತು. ಭಾವನಿಗೆ ಇದು ಮೊದಲ ಪಂದಿ ಕರಿ. "ಇದೇನಾ ನೀನು ಅಷ್ಟೆಲ್ಲಾ ಹೊಗಳ್ತಿದ್ದಿದ್ದು?" ಅಂತ ಮೆಲ್ಲಗೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆ ಅಂತ ತರಿಸಿದ ಚಿಕನ್ ಕಬಾಬ್ ಮುಟ್ಟಿದ ಬೆರಳೆಲ್ಲ ಕೆಂಪು. ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಮ್ಮ ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ಆದೇಶ ಮಾಡಿದೆ. ಹೋಟೆಲಿನವರು ಅದು ಬರೀ ಮೆಣಸಿನಕಾಯಿ ಪುಡಿ ಅಂದರು. ಸೋಪು ಹಾಕಿ ತೊಳೆದರೂ ಮಗುವಿನ ಉಗುರಿನ ಸುತ್ತ ಬಣ್ಣ ಹಾಗೇ ಇತ್ತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಾಳು ಊಟ ಎಲ್ಲರಿಗೂ ಸಿಗುತ್ತದೆ.

ಅಕ್ಕನ ಅತ್ತೆ ಮಾಂಸ ತಿನ್ನುವುದಿಲ್ಲ. ಮಾವ ತೀರಿಕೊಂಡ ಮೇಲೆ ಬಿಟ್ಟರು, ನಾಲ್ಕು ವರ್ಷ ಆಯಿತು. ಅದನ್ನು ಆರ್ಡರ್ ಕೊಡುವಾಗಲೇ ಎರಡು ಸಲ ಹೇಳಿದ್ದೆ. ಅವರಿಗೆ ಅಕ್ಕಿ ಶ್ಯಾವಿಗೆಯಂಥ ನೂಲ್‌ಪುಟ್ಟು, ಕಣಿಲೆ (ಎಳೆ ಬಿದಿರು) ಕರಿ ಹೇಳಿದೆವು. "ಫ್ರೆಶ್ ಕಣಿಲೆ" ಅಂದ ಹುಡುಗ. ಕಣಿಲೆ ಮಳೆಗಾಲದ್ದು. ಹೆಚ್ಚಿ, ಎರಡು ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿ ಆಮೇಲೆ ಅಡುಗೆ ಮಾಡುತ್ತಾರೆ. ಹುತ್ತರಿ ಹೊತ್ತಿಗೆ ಇರುವುದು ಉಪ್ಪಿನಲ್ಲಿ ಹಾಕಿಟ್ಟದ್ದು. ಅದೇನೂ ಕೆಟ್ಟದ್ದಲ್ಲ, ನಾವೂ ಇಟ್ಟುಕೊಳ್ಳುತ್ತೇವೆ. ಆದರೆ ಸುಳ್ಳು ಯಾಕೆ ಹೇಳಬೇಕು?

ಅತ್ತೆ ನಾಲ್ಕು ತುತ್ತು ತಿಂದಿದ್ದರು. ಐದನೆಯದಕ್ಕೆ ಒಂದು ತುಂಡನ್ನು ಹೆಬ್ಬೆರಳಿನಿಂದ ಒತ್ತಿದರು. ಕಣಿಲೆ ಒತ್ತಿದರೆ ಕಟ್ ಅಂತ ಮುರಿಯುತ್ತದೆ. ಇದು ಮುರಿಯಲಿಲ್ಲ, ಜಾರಿತು. ಅತ್ತೆ ಅದನ್ನು ತಟ್ಟೆ ಅಂಚಿಗೆ ಎಳೆದು ನೋಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಅರ್ಧ ಬೆರಳಿನಷ್ಟು ತೊಗಲು, ಕೆಳಗೆ ಬಿಳಿ ಕೊಬ್ಬು. ತೊಗಲಿನ ಮೇಲೆ ಎರಡು ಕರಿ ಕೂದಲಿನ ಬುಡ.

ಅವರು ಕೂಗಾಡಲಿಲ್ಲ. ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ಕೂತರು. ಆಮೇಲೆ ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮತ್ತೆ ಮುಕ್ಕಳಿಸಿದರು. ಅಕ್ಕ ಅವರ ಬೆನ್ನು ಹಿಡಿದು ನಿಂತಿದ್ದಳು. ಆ ಹುಡುಗ ಬಂದು ನೋಡಿ, "ಸೌಟು ಒಂದೇ ಆಗಿರಬೇಕು ಮೇಡಂ, ಅದನ್ನ ಪಕ್ಕಕ್ಕಿಟ್ಟು ತಿನ್ನಿ" ಅಂದ. ಆ ಮಾತು ನನಗೆ ಇನ್ನೂ ಮರೆಯಲು ಆಗಿಲ್ಲ. ಅವನದು ಚಿಕ್ಕ ವಯಸ್ಸು, ಅವನ ಮೇಲೆ ಸಿಟ್ಟಿಲ್ಲ. ತಪ್ಪು ಅಡುಗೆಮನೆ ನಡೆಸುವವರದು, ಹೋಟೆಲಿನ ಯಜಮಾನರದು. ಹಂದಿ ಬೇಯಿಸುವ ಜಾಗದಲ್ಲೇ ಸಸ್ಯಾಹಾರವನ್ನೂ ಕೊಡುತ್ತೇವೆ ಅಂದಮೇಲೆ ಎರಡು ಸೌಟು ಇಡುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಬಿಲ್ಲು ಬಂತು. 6,664 ರೂಪಾಯಿ. ಕೈಬರಹದ ಚೀಟಿ. ಪಂದಿ ಕರಿ ಪ್ಲೇಟಿಗೆ 480. ಕಡಂಬುಟ್ಟು ಒಂದೊಂದಕ್ಕೆ 35ರ ಲೆಕ್ಕ, ನಮ್ಮ ಮೆಸ್ಸಿನಲ್ಲಿ ಅದು ಕರಿ ಜೊತೆಗೇ ಬರುತ್ತದೆ. ಕೇಳದೇ ತಂದಿಟ್ಟ ಹಪ್ಪಳ, ಈರುಳ್ಳಿ ತಟ್ಟೆಗೆ 40ರಂತೆ 360. ಅತ್ತೆ ಬಿಟ್ಟೆದ್ದ ಕಣಿಲೆ ಕರಿಗೂ 360. ಸರ್ವೀಸ್ ಚಾರ್ಜ್ 577. ಅದರ ಮೇಲೆ ಜಿಎಸ್‌ಟಿ. ಆದರೆ ಚೀಟಿ ಮೇಲೆ ಜಿಎಸ್‌ಟಿ ನಂಬರೂ ಇಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರೂ ಇಲ್ಲ. ಹೋಟೆಲ್ ಬಿಲ್ಲಿನ ಮೇಲೆ ಆ ಲೈಸೆನ್ಸ್ ನಂಬರ್ ಇರಲೇಬೇಕು ಅಂತ 2022ರ ಜನವರಿಯಿಂದ ನಿಯಮ ಇದೆ. ಜಿಎಸ್‌ಟಿ ನಂಬರ್ ತೋರಿಸದೇ ಜಿಎಸ್‌ಟಿ ಹೆಸರಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಪ್ರಿಂಟ್ ಬಿಲ್ ಕೇಳಿ.

ನಮ್ಮ ಯಜಮಾನರು ಗಲ್ಲಾದ ಹತ್ತಿರ ಹೋಗಿ ಪ್ರಿಂಟ್ ಬಿಲ್ ಕೇಳಿದರು. ಸಿಸ್ಟಮ್ ಹಾಳಾಗಿದೆ ಅಂದರು. ಸರ್ವೀಸ್ ಚಾರ್ಜ್ ತೆಗೆಯಿರಿ ಅಂದದ್ದಕ್ಕೆ ಅದು ಗವರ್ನಮೆಂಟ್ ರೂಲ್ಸು ಅಂದರು. ಇದು ಶುದ್ಧ ಸುಳ್ಳು. ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವೀಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಕೊಡುವುದು ಬಿಡುವುದು ನಮ್ಮ ಇಷ್ಟ. ಅಷ್ಟರಲ್ಲಿ ಆಚೆ ಟೇಬಲ್ಲಿನವರೂ ತಮ್ಮ ಚೀಟಿ ತಿರುಗಿಸಿ ನೋಡತೊಡಗಿದರು. ನಮ್ಮ ಯಜಮಾನರು ಅಲ್ಲೇ ನಿಂತು ಮೊಬೈಲ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದರು. ಆಗ ಪೆನ್ನು ಬಂತು. ಸರ್ವೀಸ್ ಚಾರ್ಜ್, ಹಪ್ಪಳದ ತಟ್ಟೆ, ಕಣಿಲೆ ಮೂರೂ ಹೊಡೆದು ಹಾಕಿದರು. 5,302 ಕೊಟ್ಟು ಹೊರಗೆ ಬಂದೆವು. ಜಿಎಸ್‌ಟಿ ಮಾತ್ರ ಬಿಡಲಿಲ್ಲ. ಮಕ್ಕಳು ಸುಸ್ತಾಗಿದ್ದವು, ಅತ್ತೆ ಆಗಲೇ ಗಾಡಿಯಲ್ಲಿ ಹೋಗಿ ಕೂತಿದ್ದರು, ನಮಗೂ ಜಗಳ ಸಾಕಾಗಿತ್ತು.

ಹೊರಡುವಾಗ ಇನ್ನೊಂದು ಕಂಡಿತು. ಗಲ್ಲಾದಲ್ಲಿದ್ದವರು ನಮ್ಮ ಡ್ರೈವರ್ ಕೈಗೆ ಮಡಚಿದ ನೋಟು ಇಟ್ಟರು. ಡ್ರೈವರಿಗೆ ಫ್ರೀ ಊಟ ಎಲ್ಲಾ ಕಡೆ ಇದೆ, ದಿನವಿಡೀ ಗಾಡಿ ಓಡಿಸುವವರಿಗೆ ಅದು ಸಿಗಲಿ. ಆದರೆ ನಮ್ಮ ಬಿಲ್ಲು ದೊಡ್ಡದಾದಷ್ಟೂ ಅವರ ಕಮಿಷನ್ ದೊಡ್ಡದಾಗುವ ಹಾಗಿದ್ದರೆ ಅವರು ತೋರಿಸುವ ಜಾಗವನ್ನು ನಂಬುವುದು ಹೇಗೆ? ಇನ್ನು ಮುಂದೆ ನೆಂಟರು ಬಂದರೆ ಊಟದ ಜಾಗ ನಾನೇ ಹೇಳುತ್ತೇನೆ. ನೀವೂ ಉಳಿದುಕೊಳ್ಳುವ ಹೋಂಸ್ಟೇಯವರನ್ನು ಕೇಳಿ. ಅದಕ್ಕಿಂತ ಒಳ್ಳೆಯದು ಅಂದರೆ, ಸಂತೆ ದಿನ ತರಕಾರಿ ಮಾರುವವರನ್ನು, ಮೆಡಿಕಲ್ ಶಾಪಿನವರನ್ನು, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟವರನ್ನು "ನೀವು ಮನೆಯವರ ಜೊತೆ ಎಲ್ಲಿ ಊಟಕ್ಕೆ ಹೋಗ್ತೀರಿ?" ಅಂತ ಕೇಳಿ. ಅವರು ಹೇಳುವ ಜಾಗಕ್ಕೆ ದೊಡ್ಡ ಬೋರ್ಡು ಇಲ್ಲದೇ ಇರಬಹುದು. ಕೂರುವ ಮುಂಚೆ ರೇಟು ಕೇಳಿ. ಕೇಳದೇ ತಂದದ್ದನ್ನು ಮುಟ್ಟದೇ ವಾಪಸ್ ಕಳಿಸಿ. ಮಾಂಸ ತಿನ್ನದವರು ಜೊತೆಗಿದ್ದರೆ ಪಾತ್ರೆ, ಸೌಟು ಬೇರೆ ಇದೆಯಾ ಅಂತ ಅಡುಗೆ ಮಾಡುವವರನ್ನೇ ಕೇಳಿ. ಸಂಕೋಚ ಬೇಡ.

ಮನೆಗೆ ಬಂದ ಮೇಲೆ ಅತ್ತೆ ಸ್ನಾನ ಮಾಡಿ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದರು. ಮಾರನೇ ದಿನ ಬೆಳಿಗ್ಗೆ ವಿಷಯ ಕೇಳಿ ಪಕ್ಕದ ಮನೆ ಆಂಟಿ ಹುತ್ತರಿಗೆ ಮಾಡಿದ ತಂಬುಟ್ಟು ತಂದರು. ಬಾಳೆಹಣ್ಣಿಗೆ ಹುರಿದ ಅಕ್ಕಿಹಿಟ್ಟು ಕಲಸಿ ಮಾಡುವುದು. "ಇದು ನಮ್ಮ ದೇವರ ಮನೆ ಪಾತ್ರೇಲಿ ಮಾಡಿದ್ದು, ಧೈರ್ಯವಾಗಿ ತಿನ್ನಿ" ಅಂತ ಅತ್ತೆಯ ಪಕ್ಕದಲ್ಲೇ ಕೂತರು. ಅತ್ತೆ ಸ್ವಲ್ಪ ಹೊತ್ತು ಅವರ ಮುಖ ನೋಡಿ, ಆಮೇಲೆ ತುಪ್ಪ ಹಾಕಿಸಿಕೊಂಡು ಎರಡು ಸಲ ತಿಂದರು.

ಸಂಕ್ರಾಂತಿಗೆ ಮತ್ತೆ ಬರುತ್ತಾರಂತೆ. ಮೆಸ್ಸಿನವರಿಗೆ ಈಗಲೇ ಫೋನ್ ಮಾಡಿ ಹೇಳಿಟ್ಟಿದ್ದೇನೆ, ಒಂಬತ್ತು ಜನ, ಒಬ್ಬರಿಗೆ ಪಾತ್ರೆ ಬೇರೆ ಅಂತ. "ಅಮ್ಮನಿಗೆ ನಮ್ಮ ಮನೆ ಅಡುಗೆಮನೆಯಿಂದಲೇ ತರ್ತೀನಿ ಬಿಡಿ" ಅಂದರು.