ಒರೆಗಾನ್ 1908 ಅಥವಾ ಮಿಸಿಸಿಪ್ಪಿ 1911: ಪ್ರಬಂಧಕ್ಕೆ ಯಾವುದು?

ಎರಡೂ ಅಮೆರಿಕದ ರಾಜ್ಯಗಳಲ್ಲಿ ನಡೆದ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಸ್ಪರ್ಧೆಗಳೇ. ಆಗ ಸೆನೆಟರನ್ನು ಆರಿಸುತ್ತಿದ್ದುದು ರಾಜ್ಯದ ಶಾಸಕರು, ಜನರ ನೇರ ಮತ ಬಂದದ್ದು 1913ರ ಸಂವಿಧಾನ ತಿದ್ದುಪಡಿಯಿಂದ.

ಕಥೆಯಲ್ಲಿ ತಿರುವು ಬೇಕಾದರೆ ಒರೆಗಾನ್. ರಿಪಬ್ಲಿಕನ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಹಾಲಿ ಸೆನೆಟರ್ ಫುಲ್ಟನ್‌ರನ್ನು ಕೇಕ್ ಎಂಬವರು ಸೋಲಿಸಿದರು, ಜನರ ಒಲವು ತಿಳಿಯಲು ಜೂನ್‌ನಲ್ಲಿ ನಡೆದ ಮತದಾನದಲ್ಲಿ ಕೇಕ್‌ರನ್ನು ಡೆಮಾಕ್ರಾಟ್ ಗವರ್ನರ್ ಚೇಂಬರ್ಲೇನ್ ಸೋಲಿಸಿದರು, ಕೊನೆಗೆ 1909ರಲ್ಲಿ ರಿಪಬ್ಲಿಕನ್ನರೇ ತುಂಬಿದ್ದ ಶಾಸನಸಭೆ ಚೇಂಬರ್ಲೇನ್‌ರನ್ನೇ ಆರಿಸಿತು! ಜನ ಆರಿಸಿದವರಿಗೇ ಮತ ಹಾಕುತ್ತೇವೆ ಅಂತ ಹಲವು ಶಾಸಕರು ಮೊದಲೇ ಬರೆದುಕೊಟ್ಟಿದ್ದರು. ಮಾತು ಉಳಿಸಿಕೊಂಡರು, ದೊಡ್ಡ ವಿಷಯ ಅಲ್ವಾ?

ಮಿಸಿಸಿಪ್ಪಿಯಲ್ಲಿ ಆಗ ಡೆಮಾಕ್ರಾಟರದ್ದೇ ಪ್ರಾಬಲ್ಯ, ಅವರ ಪ್ರೈಮರಿ ಗೆದ್ದರೆ ಮುಗೀತು. ಹಾಲಿ ಸೆನೆಟರ್ ಪರ್ಸಿಯನ್ನು ವಾರ್ಡಮನ್ ಸೋಲಿಸಿದ್ದು ಅಲ್ಲೇ.

ಮತ ಯಾರಿಗಿತ್ತು ಅನ್ನೋದು ನಿಮ್ಮ ಪ್ರಶ್ನೆಯಾದರೆ ಮಾತ್ರ ಮಿಸಿಸಿಪ್ಪಿಯನ್ನೇ ಹಿಡಿಯಿರಿ. ಕಪ್ಪು ಜನರನ್ನು ಹೊರಗಿಟ್ಟ ಪ್ರೈಮರಿ ಅದು, ವಾರ್ಡಮನ್ ಗೆದ್ದದ್ದೂ ಬಹಿರಂಗ ಜನಾಂಗ ದ್ವೇಷದ ಭಾಷಣಗಳ ಬಲದಿಂದ. ಓದಲು ಸಂಕಟವಾಗುತ್ತದೆ, ಆದರೂ ಓದಬೇಕು. ಒರೆಗಾನ್‌ನಲ್ಲೂ ಮತ ಎಲ್ಲರಿಗಿರಲಿಲ್ಲ, ಹೆಂಗಸರಿಗೆ ಅದು ಸಿಕ್ಕಿದ್ದು 1912ರಲ್ಲಿ.

ಸಮಯ ಕಡಿಮೆಯಿದ್ದು, ಪ್ರೈಮರಿ ನಿಯಮ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಿದರೆ ಸಾಕು ಅಂದರೆ ಒರೆಗಾನ್ ಸುಲಭ. ಆಗಿನ ಪೋರ್ಟ್‌ಲ್ಯಾಂಡ್ ಪತ್ರಿಕೆಗಳೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ.