ದುರ್ಗದಬೈಲಿನ ಗಾಡಿಯಲ್ಲಿ ಸೌಂಡ್‌ಬಾಕ್ಸ್: ಎರಡು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿ ದುರ್ಗದಬೈಲಿನಲ್ಲಿ ನಮ್ಮದು ಗಿರ್ಮಿಟ್-ಮಿರ್ಚಿ ಗಾಡಿ. ಯುಪಿಐ ಹಣ ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ಇಟ್ಟು ಎರಡು ವರ್ಷ ದಾಟಿತು.

ಸಂಜೆ ಆರರ ಮೇಲೆ ಜನ ಮುತ್ತಿಕೊಳ್ಳುತ್ತಾರೆ. ನನ್ನ ಎರಡೂ ಕೈ ಕಡಲೆ ಹಿಟ್ಟು, ಮುಂದೆ ಕಾದ ಎಣ್ಣೆ. ಮೊದಲೆಲ್ಲ "ರೊಕ್ಕ ಹಾಕೇನ್ರಿ ಅಕ್ಕಾರ" ಅಂತ ಮೊಬೈಲ್ ತೋರಿಸಿದರೆ ನಂಬಲೇಬೇಕಿತ್ತು. ಹಣ ಹೋದಂತೆ ತೋರಿಸುವ ನಕಲಿ ಆ್ಯಪ್‌ಗಳೂ ಇವೆ. ರಾತ್ರಿ ಲೆಕ್ಕ ಹಾಕಿದರೆ ನೂರಿನ್ನೂರು ಕಡಿಮೆ ಬೀಳುತ್ತಿತ್ತು. ಈಗ ಪೆಟ್ಟಿಗೆ ಕನ್ನಡದಲ್ಲೇ "ನಲವತ್ತು ರೂಪಾಯಿ" ಅನ್ನುತ್ತದೆ. ಅದರೊಳಗೇ ಸಿಮ್ ಇದೆ, ನನ್ನ ಮೊಬೈಲ್ ಮನೆಯಲ್ಲಿದ್ದರೂ ನಡೆಯುತ್ತದೆ. ಈ ಕೆಲಸಕ್ಕೆ ಪೂರ್ತಿ ಅಂಕ.

ಗಣೇಶ ಹಬ್ಬದ ಗದ್ದಲದಲ್ಲಿ ಮಾತ್ರ ನೆಟ್‌ವರ್ಕ್ ಸಿಗದೆ ಸುಮ್ನೆ ಕೂತುಬಿಡುತ್ತದೆ. ಒಬ್ಬ ಕಾಲೇಜು ಹುಡುಗನ ಖಾತೆಯಿಂದ ಹಣ ಕಟ್ ಆಗಿತ್ತು, ನನಗೆ ಬಂದಿರಲಿಲ್ಲ. ಪಾಪ, ಪ್ಲೇಟು ಹಿಡಿದು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ತಿಂದು ಹೋಗಪ್ಪಾ ಅಂದೆ. ಹೀಗೆ ಅಂಗಡಿಗೆ ತಲುಪದ ಹಣ 5 ದಿನದೊಳಗೆ ತಾನಾಗಿ ಗಿರಾಕಿಗೆ ವಾಪಸ್ ಆಗಬೇಕು, ತಡವಾದರೆ ಬ್ಯಾಂಕಿನವರು ಗಿರಾಕಿಗೆ ದಿನಕ್ಕೆ 100 ರೂಪಾಯಿ ಕೊಡಬೇಕು. ರಿಸರ್ವ್ ಬ್ಯಾಂಕ್ 2019ರಲ್ಲೇ ಮಾಡಿದ ನಿಯಮ ಇದು. ಗಿರಾಕಿಗಳಿಗೆ ಇದನ್ನು ಹೇಳಿ, ಜಗಳ ಬೇಡ.

ನನಗೆ ಸಿಟ್ಟು ಬಂದಿದ್ದು ಬಾಡಿಗೆ ವಿಷಯಕ್ಕೆ. ಪೆಟ್ಟಿಗೆ ಕೂರಿಸಲು ಬಂದ ಹುಡುಗ "ಟೆಸ್ಟಿಂಗ್‌ಗೆ ಪಿನ್ ಒತ್ರಿ ಅಕ್ಕಾರ" ಅಂದ. ಒತ್ತಿದೆ. ಅದು ಆಟೋಪೇಗೆ, ಅಂದರೆ ಬಾಡಿಗೆ ನನ್ನ ಖಾತೆಯಿಂದ ತಾನಾಗಿ ಕಟ್ ಆಗೋದಕ್ಕೆ, ನನ್ನ ಒಪ್ಪಿಗೆ ಆಗಿತ್ತು! ತಿಂಗಳಿಗೆ 100 ರೂಪಾಯಿ. ಮಗಳ ಬಾಣಂತನಕ್ಕೆ ಎರಡು ತಿಂಗಳು ಗಾಡಿ ಹಚ್ಚಲಿಲ್ಲ, ಆಗಲೂ ಕಟ್ ಆಯಿತು. ಪೆಟ್ಟಿಗೆ ವಾಪಸ್ ಒಯ್ಯಿರಿ ಅಂತ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಬರಲಿಲ್ಲ. ಆಟೋಪೇ ಹಣ ಕಡಿಯುವ 24 ತಾಸು ಮುಂಚೆ ಮೆಸೇಜ್ ಬರಬೇಕು ಅನ್ನೋದು ನಿಯಮ. ಬರುತ್ತಿತ್ತು ಕೂಡ, ಇಂಗ್ಲಿಷಿನಲ್ಲಿ. ನನಗೇನು ಗೊತ್ತಾಗಬೇಕು ಅದರಲ್ಲಿ?

ಕೊನೆಗೆ ತಮ್ಮನ ಮಗ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನೋ ಜಾಗ ಹುಡುಕಿ ರದ್ದು ಮಾಡಿಕೊಟ್ಟ. ಎರಡು ನಿಮಿಷದ ಕೆಲಸ. ಮುಂದಿನ ವಾರವೇ ಕಂಪನಿಯವರು ಗಾಡಿ ಹುಡುಕಿಕೊಂಡು ಬಂದರು.

ಪೆಟ್ಟಿಗೆ ಬೇಕೇ ಬೇಕು, ಅದಿಲ್ಲದೆ ವ್ಯಾಪಾರ ಕಷ್ಟ. ಅದಕ್ಕೆ ಅವರ ಹತ್ತಿರವೇ ಹೊಸದಾಗಿ ತಗೊಂಡೆ. ಈ ಸಲ ತಮ್ಮನ ಮಗ ಪರದೆ ಮೇಲಿದ್ದದ್ದನ್ನು ಪೂರ್ತಿ ಓದಿ ಹೇಳಿದ: ಎಷ್ಟು ರೂಪಾಯಿ, ಯಾವ ತಾರೀಖಿನವರೆಗೆ. ಆಮೇಲೆ ಕೈ ಒರೆಸಿಕೊಂಡು ಪಿನ್ ಒತ್ತಿದೆ.