ಸಿಬಿಟಿಯೋ, ಸೈಕೋಡೈನಾಮಿಕ್ಕೋ: ಹನ್ನೆರಡು ಸೆಷನ್‌ಗಷ್ಟೇ ದುಡ್ಡಿದ್ದವರ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಬಿಟಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುತ್ತ ಸಾಗುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ. ಹಾಗಂತ ಉಳಿದವೆಲ್ಲ ಕಳಪೆ ಅನ್ನುತ್ತಿಲ್ಲ. ಖಿನ್ನತೆಗೆ ಚಾಲ್ತಿಯಲ್ಲಿರುವ ಥೆರಪಿಗಳನ್ನು ಎದುರುಬದುರು ಇಟ್ಟು ನೋಡಿದ ಅಧ್ಯಯನಗಳಲ್ಲಿ ಅವುಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದೇ. ನನ್ನ ಕಾರಣಗಳು ಬೇರೆ: ಕೈಯಲ್ಲಿ ಪೆನ್ನಿಲ್ಲದಿದ್ದರೆ ಯೋಚನೆ ಓಡದ ಸ್ವಭಾವ, ಹನ್ನೆರಡು ಸೆಷನ್ ದಾಟಿದರೆ ಕೈ ಕಚ್ಚುವ ಖರ್ಚು. ಸೆಷನ್ ಅಂದರೆ ವಾರಕ್ಕೊಮ್ಮೆ 45–50 ನಿಮಿಷ. ಮಿಕ್ಕ 167 ಗಂಟೆ ನಮ್ಮ ಪಾಡಿಗೆ ನಾವು. ಆ ಹೊತ್ತಿಗೂ ಕೆಲಸ ಹಚ್ಚುವ ಪದ್ಧತಿ ಬೇಕೆಂದರೆ ಸಿಬಿಟಿಯೇ ಸರಿ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಟ್ಟಿದ ಈ ಪದ್ಧತಿಯಲ್ಲಿ ಒಂದು ಸೆಷನ್ ಹೇಗೆ ಸಾಗುತ್ತದೆ ಅನ್ನುವುದು ಮುಂಚೆಯೇ ಗೊತ್ತಿರುತ್ತದೆ: ವಾರದ ಸ್ಕೋರು, ಹೋಮ್‌ವರ್ಕ್ ಪರಿಶೀಲನೆ, ಒಂದೋ ಎರಡೋ ವಿಷಯ, ಮುಂದಿನ ಹೋಮ್‌ವರ್ಕ್. ಸ್ಕೋರಿಗೆ ಹೆಚ್ಚಾಗಿ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸುತ್ತಾರೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ.

ತೊಡಕಿರುವುದು ಒಂದೇ ಕಡೆ: ಯೋಚನೆಗಳನ್ನು ಬರೆದು ಪರೀಕ್ಷಿಸಲು ಹೋಮ್‌ವರ್ಕಿಗೆ ಕೊಡುವ ಏಳು ಕಾಲಂನ ಹಾಳೆ. ಸನ್ನಿವೇಶ, ಭಾವನೆ, ತಟ್ಟನೆ ಬಂದ ಯೋಚನೆ, ಅದರ ಪರ ಪುರಾವೆ, ವಿರುದ್ಧ ಪುರಾವೆ, ಸಮತೋಲದ ಯೋಚನೆ, ಈಗ ಭಾವನೆ ಎಷ್ಟು. ಸಿಬಿಟಿ ಅರ್ಧಕ್ಕೆ ಬಿಟ್ಟ ಬಹಳ ಮಂದಿ ಎಡವಿದ್ದು ಈ ಹಾಳೆಯಲ್ಲೇ.

ಮೊದಲ ತಪ್ಪು ಮೂರನೇ ಕಾಲಂನಲ್ಲಿ ಆಗುತ್ತದೆ. ‘ಮಂಗಳವಾರ 11 ಗಂಟೆ, ಮ್ಯಾನೇಜರ್ ಮೆಸೇಜ್ ನೋಡಿಯೂ ಉತ್ತರಿಸಲಿಲ್ಲ. ಭಯ 80’ ಅಂತ ಬರೆದು, ಯೋಚನೆಯ ಜಾಗದಲ್ಲಿ ‘ಏನಾಗುತ್ತೋ ಏನೋ?’ ಅಂತ ಹಾಕುತ್ತಾರೆ. ಪ್ರಶ್ನೆಗೆ ಪುರಾವೆ ಹುಡುಕಲು ಬರುವುದಿಲ್ಲ. ಅದರೊಳಗೆ ಅಡಗಿರುವ ಹೇಳಿಕೆಯನ್ನು ಹೊರಗೆ ಎಳೆಯಬೇಕು: ‘ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ನಂಬಿಕೆ ಶೇ. 90.’ ಆಗ ಮಾತ್ರ ನಾಲ್ಕು, ಐದನೇ ಕಾಲಂಗಳಿಗೆ ಕೆಲಸ ಸಿಗುತ್ತದೆ. ಎರಡನೆಯದು, ಇಡೀ ದಿನದ್ದನ್ನು ರಾತ್ರಿ ಮಲಗುವ ಮುನ್ನ ತುಂಬಿಸುವುದು. ಅಷ್ಟು ಹೊತ್ತಿಗೆ ಯೋಚನೆಯ ಬಿಸಿ ಆರಿ, ಜಾಣತನದ ವಿವರಣೆ ಮಾತ್ರ ಉಳಿದಿರುತ್ತದೆ. ಮೊದಲ ಮೂರು ಕಾಲಂಗಳನ್ನು ಆಗಲೇ ಫೋನಿನಲ್ಲಿ ಗೀಚಿಟ್ಟುಕೊಂಡು, ಉಳಿದ ನಾಲ್ಕನ್ನು ಸಂಜೆಗೆ ಇಟ್ಟುಕೊಂಡರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಹಠಮಾರಿ. ಆರನೇ ಕಾಲಂನಲ್ಲಿ ‘ಎಲ್ಲ ಸರಿಹೋಗುತ್ತೆ’ ಅಂತ ಬರೆದರೆ ಅದನ್ನು ಬರೆದವರೇ ನಂಬುವುದಿಲ್ಲ, ಭಯ 80 ಇದ್ದದ್ದು 78ಕ್ಕೆ ಬಂದು ನಿಲ್ಲುತ್ತದೆ. ‘ತಲೆಗೆ ಗೊತ್ತು, ಮನಸ್ಸಿಗೆ ನಾಟ್ತಿಲ್ಲ’ ಎಂಬ ದೂರು ಶುರುವಾಗುವುದು ಇಲ್ಲೇ. ಅಲ್ಲಿಗೆ ಹಾಳೆ ಬದಿಗಿಟ್ಟು ಪ್ರಯೋಗಕ್ಕೆ ಇಳಿಯಬೇಕು. ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳುವುದು ಅಂತಿಟ್ಟುಕೊಳ್ಳಿ. ಮೊದಲೇ ಬರೆಯಿರಿ: ‘ನಗುತ್ತಾರೆ, ಶೇ. 85.’ ನಗು ಅಂದರೆ ಯಾವುದು, ಎಷ್ಟು ಜನ ನಕ್ಕರೆ ಸೋತಂತೆ ಅನ್ನುವುದನ್ನೂ ಬರೆಯಿರಿ. ವಾಕ್ಯವನ್ನು ಒಳಗೊಳಗೇ ಹತ್ತು ಸಲ ಉರು ಹೊಡೆಯುವುದು, ತಲೆ ತಗ್ಗಿಸಿ ಮಾತಾಡುವುದು, ಇವನ್ನು ಬಿಟ್ಟು ಕೇಳಬೇಕು. ಬಿಡದಿದ್ದರೆ ಏನೂ ಆಗಲಿಲ್ಲವೆಂದರೂ ಮನಸ್ಸು ‘ತಲೆ ತಗ್ಗಿಸಿದ್ದಕ್ಕೆ ಬಚಾವಾದೆ’ ಅಂತಲೇ ಲೆಕ್ಕ ಬರೆದುಕೊಳ್ಳುತ್ತದೆ. ಆಮೇಲೆ ಆದದ್ದೇನೆಂದು ಬರೆದು, ಶೇ. 85ರ ಪಕ್ಕದಲ್ಲಿಡಿ.

ಇನ್ನೊಂದು ಮಾತು. ಸೆಷನ್ನಿನ ಆರಂಭದಲ್ಲೇ ಹೋಮ್‌ವರ್ಕ್ ಎಲ್ಲಿ ಅಂತ ಕೇಳದ ಥೆರಪಿಸ್ಟ್ ಇದ್ದರೆ, ನಾಲ್ಕನೇ ವಾರಕ್ಕೆ ಯಾರೂ ಬರೆಯುವುದಿಲ್ಲ. ಆಗ ಸಿಬಿಟಿಯ ಹೆಸರಿನಲ್ಲಿ ನಡೆಯುವುದು ಬರೀ ಮಾತುಕತೆ.

ಹಾಳೆಯನ್ನು ಮುಟ್ಟಲೇಬಾರದ ಜಾಗವೂ ಇದೆ: ಗೀಳು ಕಾಯಿಲೆ (ಒಸಿಡಿ). ‘ಗ್ಯಾಸ್ ಆಫ್ ಮಾಡಿದ್ದೇನಾ’ ಎಂಬ ಸಂಶಯಕ್ಕೆ ಪರ ವಿರೋಧ ಪುರಾವೆ ಬರೆಯುತ್ತ ಕೂತರೆ ಆ ಬರಹವೇ ಇನ್ನೊಂದು ಗೀಳಾಗುತ್ತದೆ. ಇದಕ್ಕೆ ಸಿಬಿಟಿ ಕುಟುಂಬದ್ದೇ ಇಆರ್‌ಪಿ (ಎಕ್ಸ್‌ಪೋಶರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಶನ್) ಬೇಕು. ಭಯ ಹುಟ್ಟಿಸುವ ಸಂಗತಿಗಳಿಗೆ 0ರಿಂದ 100ರವರೆಗೆ ಅಂಕ ಕೊಟ್ಟು, ಸಹಿಸಬಹುದಾದ ಮೆಟ್ಟಿಲಿನಿಂದ ಹತ್ತುತ್ತ, ಮತ್ತೆ ಹೋಗಿ ನೋಡದೆ ಇರುವುದನ್ನು ಕಲಿಯುವ ಕ್ರಮ. ಮನೆಯವರನ್ನು ‘ಆಫ್ ಆಗಿದೆ ತಾನೇ?’ ಅಂತ ಕೇಳುವುದೂ ಹೋಗಿ ನೋಡಿದ್ದಕ್ಕೇ ಸಮ. ಮನೆಯವರು ‘ಹೂಂ, ಆಗಿದೆ’ ಅನ್ನುತ್ತ ಹೋದರೆ ಚಿಕಿತ್ಸೆ ಅಲ್ಲೇ ಸೋರಿಹೋಗುತ್ತದೆ.

ಪೆನ್ನು ಹಿಡಿಯುವುದಕ್ಕೂ ಆಗದಷ್ಟು ಖಿನ್ನತೆ ಇದ್ದರೆ ಬಿಹೇವಿಯರಲ್ ಆಕ್ಟಿವೇಶನ್ ನೋಡಿ, ಅಂದರೆ ಸಣ್ಣ ಸಣ್ಣ ಚಟುವಟಿಕೆಗೆ ಮರಳಿಸುವ ಸಿಬಿಟಿಯ ಭಾಗ. 1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಸಿಬಿಟಿಯ ಭಾಗಗಳನ್ನು ಬಿಡಿಸಿ ಪರೀಕ್ಷಿಸಿದಾಗ, ಈ ಒಂದು ಭಾಗವೇ ಪೂರ್ತಿ ಸಿಬಿಟಿಯಷ್ಟು ಕೆಲಸ ಮಾಡಿತ್ತು. ಮನಸ್ಸು ಬರಲಿ ಅಂತ ಕಾಯದೆ, ಗಡಿಯಾರ ನೋಡಿ ಮಾಡುವುದು ಇದರ ಜೀವಾಳ. ‘ವ್ಯಾಯಾಮ ಮಾಡಬೇಕು’ ಅಂತ ಬರೆದರೆ ಕೆಡುತ್ತದೆ. ‘7 ಗಂಟೆಗೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ’ ಅಂದರೆ ನಡೆಯುತ್ತದೆ.

ಇನ್ನು ಎದುರಾಳಿ, ಸೈಕೋಡೈನಾಮಿಕ್: ಹಳೆಯ ಅನುಭವಗಳು ಇಂದಿನ ಸಂಬಂಧಗಳಲ್ಲಿ ಹೇಗೆ ಆಡುತ್ತಿವೆ ಅಂತ ಕೆದಕುವ ಥೆರಪಿ. ಪ್ರತಿ ಸಂಬಂಧವೂ ಒಂದೇ ಜಾಗಕ್ಕೆ ಬಂದು ಮುರಿಯುತ್ತಿದೆ ಅನ್ನುವವರಿಗೆ ಇದರಷ್ಟು ಆಳಕ್ಕೆ ಇಳಿಯುವುದು ಸಿಬಿಟಿಯಲ್ಲಿ ಕಷ್ಟ, ಒಪ್ಪುತ್ತೇನೆ. ಹಳೆಯ ಆ ಚಾಳಿ ಥೆರಪಿಸ್ಟ್ ಜೊತೆಗೂ ಮರುಕಳಿಸುತ್ತದೆ, ಅದನ್ನು ಅಲ್ಲೇ ಹಿಡಿದು ನೋಡುತ್ತಾರೆ. ಪೇಚಾಟವೂ ಅದೇ: ಥೆರಪಿಸ್ಟ್ ಮೇಲೆ ಸಿಟ್ಟು ಬಂದ ವಾರ, ಅಂದರೆ ಕೆಲಸ ನಿಜವಾಗಿ ಶುರುವಾಗುವ ವಾರವೇ, ಜನ ಬರುವುದನ್ನು ನಿಲ್ಲಿಸುತ್ತಾರೆ. ಅಜೆಂಡಾ ಇಲ್ಲ, ಹೋಮ್‌ವರ್ಕ್ ಇಲ್ಲ, ಎಷ್ಟೋ ಸಲ ಮುಗಿಯುವ ದಿನವೂ ಗೊತ್ತಿಲ್ಲ. ನನ್ನ ಹನ್ನೆರಡರ ಲೆಕ್ಕಕ್ಕೆ ಇದು ಒಗ್ಗುವುದಿಲ್ಲ. ಆದರೂ ಬೇಕೆಂದರೆ ಅಲ್ಪಾವಧಿಯದನ್ನು ಕೇಳಿ, ಯಾವ ಒಂದು ವಿಷಯದ ಮೇಲೆ ಕೆಲಸ ಅನ್ನುವುದನ್ನು ಆರಂಭದಲ್ಲೇ ಗೊತ್ತುಮಾಡಿಕೊಳ್ಳಿ.

ಬರೆಯುವುದೆಂದರೆ ಮಾರುದೂರ ಓಡುವವರಿಗೆ ಐಪಿಟಿ (ಇಂಟರ್‌ಪರ್ಸನಲ್ ಸೈಕೋಥೆರಪಿ, ಸಂಬಂಧಗಳ ಮೇಲೆ ಕೆಲಸ ಮಾಡುವ ಥೆರಪಿ) ಒಳ್ಳೆಯದು, ನನ್ನ ಎರಡನೇ ಆಯ್ಕೆಯೂ ಅದೇ. ಸಾಮಾನ್ಯವಾಗಿ 12ರಿಂದ 16 ವಾರ. ಖಿನ್ನತೆ ಶುರುವಾದದ್ದು ಒಂದು ಸಾವಿನ ನಂತರವೋ, ಜಗಳದ ನಂತರವೋ, ಹೆರಿಗೆ–ನಿವೃತ್ತಿಯಂಥ ಬದಲಾವಣೆಯ ನಂತರವೋ ಅಂತ ಗುರುತಿಸಿ ಅದೊಂದನ್ನೇ ಹಿಡಿಯುತ್ತದೆ.

ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಿನಲ್ಲಿ ಹಿಂಬಾಲಿಸುತ್ತ ಕಹಿ ನೆನಪನ್ನು ಎದುರಿಸುವ ಇಎಂಡಿಆರ್ ಅನ್ನು ಅಪಘಾತ, ಹಲ್ಲೆಯಂಥ ಆಘಾತಕ್ಕೆ ಮಾತ್ರ ಇಟ್ಟುಕೊಳ್ಳಿ. ಎಂಟು ಹಂತಗಳಿವೆ. ತಯಾರಿಯ ಎರಡನೇ ಹಂತ ಹಾರಿಸಿ ಮೊದಲ ದಿನವೇ ಬೆರಳು ಆಡಿಸುವವರ ಹತ್ತಿರ ಹೋಗಬೇಡಿ, ನೆನಪು ಕೆದಕಿ ಮನೆಗೆ ಕಳಿಸಿದಂತಾಗುತ್ತದೆ. ಕಣ್ಣು ಆಡಿಸುವುದರಿಂದಲೇ ಗುಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಆಘಾತಕ್ಕೆ ರೂಪಿಸಿದ ಸಿಬಿಟಿಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ.

ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕಿಬರುವ ಭಾವನೆಗಳನ್ನು ನಿಭಾಯಿಸಲು ಕಲಿಸುವುದು): ಪದೇಪದೇ ತಮಗೇ ಗಾಯ ಮಾಡಿಕೊಳ್ಳುವವರಿಗೆ, ಸುಮಾರು ಒಂದು ವರ್ಷ, ಒಬ್ಬರೇ ಕೂರುವ ಸೆಷನ್ ಜೊತೆಗೆ ಗುಂಪು ತರಗತಿ. ಜೇಬು ಗಟ್ಟಿಯಿರಬೇಕು.

ಬರೀ ಕೇಳಿಸಿಕೊಳ್ಳುವ ಥೆರಪಿಯಿಂದ ಹಗುರಾಗುವುದು ನಿಜ, ಲಿಫ್ಟ್ ಹತ್ತುವ ಭಯ ಮಾತ್ರ ಅದರಿಂದ ಹೋಗುವುದು ಅಪರೂಪ.

ಸಾಯುವ ಯೋಚನೆ ಬರುತ್ತಿದ್ದರೆ ಈ ಹೋಲಿಕೆಯೆಲ್ಲ ಆಮೇಲೆ, ಇವತ್ತೇ ಮನೋವೈದ್ಯರನ್ನು ಕಾಣಬೇಕು.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ‘ಎರಡು ಸೆಷನ್ ನಡುವೆ ನಾನು ಏನೇನು ಮಾಡಬೇಕಾಗುತ್ತೆ?’ ಉತ್ತರ ತಡವರಿಸಿದರೆ ಮುಂದಿನ ನಂಬರಿಗೆ ಹೋಗಿ. ಐದನೇ ಸೆಷನ್‌ಗೂ ಸ್ಕೋರು ಅಲುಗಾಡದಿದ್ದರೆ ಬಾಯಿಬಿಟ್ಟು ಹೇಳಿ, ಯೋಜನೆ ಬದಲಿಸುವುದು ಅವರ ಕೆಲಸ. ಹತ್ತನ್ನು ವಾರಕ್ಕೊಂದರಂತೆ ಮುಗಿಸಿ, ಕೊನೆಯ ಎರಡನ್ನು ತಿಂಗಳಿಗೊಂದರಂತೆ ಇಟ್ಟುಕೊಳ್ಳಿ. ಮತ್ತೆ ಜಾರುವುದಿದ್ದರೆ ಆ ತಿಂಗಳುಗಳಲ್ಲೇ ಗೊತ್ತಾಗುತ್ತದೆ, ಕೈಯಲ್ಲಿ ಸೆಷನ್ ಇನ್ನೂ ಉಳಿದಿರುತ್ತದೆ.